ಕ್ಯಾಡ್‌ಬರಿ ಮನೆತನ: ವಂಶದ ಕಾಗದ ಬೇರೆ, ಹಣದ ಕಾಗದ ಬೇರೆ

1901ರಲ್ಲಿ ಬರ್ಮಿಂಗ್‌ಹ್ಯಾಮಿನ ಕ್ಯಾಡ್‌ಬರಿ ಕಂಪನಿಯವರ ಕೈಗೆ ಒಂದು ಕೋಕೋ ತೋಟದ ಮಾರಾಟದ ಪಟ್ಟಿ ಬಂತು. ತೋಟ ಇದ್ದದ್ದು ಆಫ್ರಿಕಾದ ಪಶ್ಚಿಮ ಕರಾವಳಿಯಾಚೆ, ಆಗ ಪೋರ್ಚುಗೀಸರ ವಶದಲ್ಲಿದ್ದ ಸಾವೊ ತೊಮೆ ದ್ವೀಪದಲ್ಲಿ. ತೋಟದ ಆಸ್ತಿಗಳ ಸಾಲಿನಲ್ಲಿ ಒಂದು ನಮೂದು: 200 ಕಪ್ಪು ಕೂಲಿಯಾಳುಗಳು, ಬೆಲೆ 3,555 ಪೌಂಡ್. ಲೆಕ್ಕ ಹಾಕಿದರೆ ತಲೆಗೆ 18 ಪೌಂಡಿಗೂ ಕಡಿಮೆ. ಕೂಲಿಯವನಿಗೆ ಕೂಲಿ ಕೊಡುತ್ತಾರೆ. ಬೆಲೆ ಕಟ್ಟುವುದು ದನಕ್ಕೆ, ಗುಲಾಮನಿಗೆ.

ಅದರ ಹಿಂದಿನ ವರ್ಷವಷ್ಟೇ, 1900ರಲ್ಲಿ, ಅದೇ ಮನೆತನದ ಜಾರ್ಜ್ ಕ್ಯಾಡ್‌ಬರಿ 330 ಎಕರೆ ಜಮೀನನ್ನು ಅದರ ಮೇಲಿದ್ದ 313 ಮನೆಗಳ ಸಮೇತ ತಮ್ಮ ಕಾರ್ಖಾನೆಯ ಪಕ್ಕದ ಊರನ್ನು ನೋಡಿಕೊಳ್ಳುವ ಬೋರ್ನ್‌ವಿಲ್ ವಿಲೇಜ್ ಟ್ರಸ್ಟಿಗೆ ಬರೆದುಕೊಟ್ಟಿದ್ದರು.

ಇಂಗ್ಲೆಂಡಿನ ದಾನಿ ಮನೆತನಗಳ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ವಂಶವೃಕ್ಷ ಬಿಡಿಸಿ, ಕೊನೆಗೆ ಎರಡು ಉಯಿಲು ಓದಿ, ಮೊತ್ತ ಬರೆದು ಕೆಲಸ ಮುಗಿಸುತ್ತಾರೆ. ನನ್ನ ಪ್ರಕಾರ ಅಲ್ಲಿಗೆ ಅರ್ಧ ಕೆಲಸವೂ ಆಗಿರುವುದಿಲ್ಲ. ರಕ್ತಸಂಬಂಧದ ದಾಖಲೆ ಇರುವ ಕಡೆ ಹಣದ ದಾಖಲೆ ಇರುವುದಿಲ್ಲ. ಹಣದ ಜಾಡು ಹಿಡಿಯಬೇಕಾದರೆ ಆ ಮನೆತನ ಏನು ಕೊಂಡಿತು, ಯಾರಿಂದ ಕೊಂಡಿತು, ಅದನ್ನು ಬೆಳೆದವರು ಯಾರು ಅನ್ನುವ ತನಕ ಹೋಗಬೇಕು. ಕ್ಯಾಡ್‌ಬರಿಯವರ ಉದಾಹರಣೆಯಲ್ಲೇ ವಿವರಿಸುತ್ತೇನೆ.

ಮೊದಲು ವಂಶ. ಕ್ಯಾಡ್‌ಬರಿ ಅನ್ನುವುದು ಡೆವನ್ ಮತ್ತು ಸಾಮರ್‌ಸೆಟ್ ಎರಡೂ ಜಿಲ್ಲೆಗಳಲ್ಲಿರುವ ಊರಿನ ಹೆಸರು. ಹಾಗಾಗಿ ಆ ಸೀಮೆಯಲ್ಲಿ ಈ ಹೆಸರಿನವರೆಲ್ಲ ಒಂದೇ ಬಳ್ಳಿಯವರು ಅಂದುಕೊಳ್ಳಬೇಡಿ. ನಮ್ಮಲ್ಲಿ 'ಹುಬ್ಬಳ್ಳಿ' ಅನ್ನುವ ಅಡ್ಡಹೆಸರಿನವರೆಲ್ಲ ದಾಯಾದಿಗಳೇ? ಹಾಗೇ ಇದೂ. ಚಾಕೊಲೇಟಿನ ಕ್ಯಾಡ್‌ಬರಿಗಳ ಗಟ್ಟಿ ಎಳೆ ಸಿಗುವುದು ರಿಚರ್ಡ್ ಟ್ಯಾಪರ್ ಕ್ಯಾಡ್‌ಬರಿಯಿಂದ. 1768ರಲ್ಲಿ ಎಕ್ಸೆಟರಿನಲ್ಲಿ ಹುಟ್ಟಿ, 1794ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದು ಬಟ್ಟೆ ಅಂಗಡಿ ಇಟ್ಟವರು. ಇಂಥ ಮಧ್ಯದ ಹೆಸರನ್ನು ಹಾಗೇ ದಾಟಿಹೋಗಬೇಡಿ. ಇಂಗ್ಲಿಷ್ ಮನೆತನಗಳಲ್ಲಿ ಅದು ಬಹಳ ಸಲ ಹೆಣ್ಣಿನ ಕಡೆಯ ಕುಲನಾಮವಾಗಿರುತ್ತದೆ, ಮುಂದಿನ ಹುಡುಕಾಟಕ್ಕೆ ಅದೇ ಸುಳಿವು.

ಇವರು ಕ್ವೇಕರ್ ಪಂಥದವರು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನ ಹೊರಗಿದ್ದ ಒಂದು ಕ್ರೈಸ್ತ ಪಂಥ. ಇದನ್ನು ಮರೆತು ಚರ್ಚಿನ ಪ್ಯಾರಿಷ್ ದಫ್ತರದಲ್ಲಿ ಜ್ಞಾನಸ್ನಾನದ ದಾಖಲೆ ಹುಡುಕುತ್ತಾ ತಿಂಗಳುಗಟ್ಟಲೆ ಕಳೆಯುವವರಿದ್ದಾರೆ. ಕ್ವೇಕರರಲ್ಲಿ ಜ್ಞಾನಸ್ನಾನವೇ ಇಲ್ಲ. ಅವರ ಜನನ, ಮದುವೆ, ಹೂಳಿದ ವಿವರ ಎಲ್ಲ ಅವರದೇ ಮಾಸಿಕ ಸಭೆಗಳ ಪುಸ್ತಕದಲ್ಲಿರುತ್ತವೆ. ಆ ಪುಸ್ತಕಗಳು ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಆರ್‌ಜಿ 6 ಅನ್ನುವ ಸರಣಿಯಲ್ಲಿವೆ. ಸಮಾಧಿ ಕಲ್ಲು ಹುಡುಕುವುದೂ ವ್ಯರ್ಥ ಶ್ರಮ, 1850ರ ತನಕ ಕಲ್ಲು ನೆಡುವುದನ್ನೇ ಅವರು ಒಪ್ಪುತ್ತಿರಲಿಲ್ಲ.

ಇಲ್ಲಿ ಎಲ್ಲರೂ ಎಡವುವುದು ತಾರೀಖಿನಲ್ಲಿ. ಜನವರಿ, ಮಾರ್ಚ್ ಅನ್ನುವ ಹೆಸರುಗಳು ಅನ್ಯದೇವತೆಗಳ ಹೆಸರೆಂದು ಕ್ವೇಕರರು ತಿಂಗಳನ್ನು ಅಂಕಿಯಲ್ಲೇ ಬರೆಯುತ್ತಿದ್ದರು. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಅವರ '1ನೇ ತಿಂಗಳು' ಮಾರ್ಚ್. ಆದ್ದರಿಂದ '1740ರ 3ನೇ ತಿಂಗಳು' ಅಂದರೆ ಮೇ. '1740ರ 11ನೇ ತಿಂಗಳು' ಅಂದರೆ ನಮ್ಮ ಲೆಕ್ಕದಲ್ಲಿ 1741ರ ಜನವರಿ. ಶಾಸನ ಓದುವವರಿಗೆ ಇದು ಹೊಸದಲ್ಲ. ಶಕವರ್ಷಕ್ಕೆ ಸುಮ್ಮನೆ 78 ಕೂಡಿಸಿಬಿಟ್ಟರೆ ಮಾಘ, ಫಾಲ್ಗುಣದ ತಿಥಿಗಳು ಒಂದು ವರ್ಷ ಹಿಂದಕ್ಕೆ ಬೀಳುತ್ತವಲ್ಲ, ಅದೇ ಬಗೆಯ ತಪ್ಪು. ಮದುವೆಗೆ ಮುಂಚೆಯೇ ಮಗು ಹುಟ್ಟಿದ ಹಾಗೆ ಕಾಣುವ ಎಷ್ಟೋ ವಂಶಾವಳಿಗಳಲ್ಲಿ ದೋಷ ಆ ದಂಪತಿಯದಲ್ಲ, ತಿಂಗಳು ಎಣಿಸಿದವರದು.

ಕ್ವೇಕರ್ ಮದುವೆ ಪತ್ರಕ್ಕೆ ಮಾತ್ರ ಕೈಮುಗಿಯಬೇಕು. ಮದುವೆಗೆ ಬಂದವರು ಅದಕ್ಕೆ ಸಹಿ ಹಾಕುತ್ತಾರೆ. ಸೋದರಮಾವ, ಅತ್ತೆ, ಅಂಗಡಿಯ ಪಾಲುದಾರ, ಪಕ್ಕದ ಊರಿನ ಬ್ಯಾಂಕಿನವನು, ಎಲ್ಲರೂ ಒಂದೇ ಹಾಳೆಯಲ್ಲಿ. ಪಂಥದ ಹೊರಗೆ ಮದುವೆಯಾದರೆ ಬಹಿಷ್ಕಾರವಿತ್ತು, 1860ರ ಹೊತ್ತಿಗೆ ಅದು ಸಡಿಲವಾಯಿತು. ಅಲ್ಲಿಯ ತನಕ ಕೆಲವೇ ಮನೆತನಗಳೊಳಗೆ ಕೊಟ್ಟು ತಂದು ಮಾಡಿದ್ದರಿಂದ ಬಂಡವಾಳವೂ ಆ ಮನೆಗಳಲ್ಲೇ ಸುತ್ತುತ್ತಿತ್ತು. ಅದಕ್ಕೇ ಹೆಣ್ಣಿನ ಕಡೆ ಬಿಟ್ಟರೆ ಹಣದ ಕಥೆ ಅರ್ಧಕ್ಕೆ ನಿಲ್ಲುತ್ತದೆ. ರಿಚರ್ಡ್ ಟ್ಯಾಪರರ ಮಗ ಜಾನ್, ಲ್ಯಾಂಕಾಸ್ಟರಿನ ಕ್ಯಾಂಡಿಯಾ ಬ್ಯಾರೊ ಅವರನ್ನು 1832ರಲ್ಲಿ ಮದುವೆಯಾದರು. 1861ರಲ್ಲಿ ಅವರ ಮಕ್ಕಳಾದ ರಿಚರ್ಡ್ ಮತ್ತು ಜಾರ್ಜ್, ಮುಳುಗುತ್ತಿದ್ದ ಅಂಗಡಿಯನ್ನು ಎತ್ತಿ ನಿಲ್ಲಿಸಲು ಸುರಿದದ್ದು ತಾಯಿಯಿಂದ ಬಂದ ಹಣ. ಲ್ಯಾಂಕಾಸ್ಟರ್ 18ನೇ ಶತಮಾನದಲ್ಲಿ ಗುಲಾಮರ ವ್ಯಾಪಾರದ ಬಂದರಾಗಿತ್ತು, ಆದ್ದರಿಂದ ಆ ಕಡೆಯ ಹಡಗು ಮತ್ತು ಸರಕಿನ ದಾಖಲೆ ನೋಡಲೇಬೇಕು. ಆದರೆ ಊರು ಅದೇ ಆಗಿತ್ತು ಅನ್ನುವುದೇ ಪುರಾವೆಯಲ್ಲ. ಹಡಗಿನ ಹೆಸರು, ಪಾಲುದಾರರ ಹೆಸರು, ವರ್ಷ, ಮೂರೂ ಕೂಡಿಬಂದರೆ ಮಾತ್ರ ಬರೆಯಿರಿ.

ಇನ್ನು ಉಯಿಲು. 1858ರ ಜನವರಿಗೆ ಮೊದಲು ಉಯಿಲು ಸಾಬೀತಾಗುತ್ತಿದ್ದದ್ದು ಚರ್ಚಿನ ನ್ಯಾಯಾಲಯಗಳಲ್ಲಿ. ದೊಡ್ಡ ಆಸ್ತಿಯವರದು ಕ್ಯಾಂಟರ್‌ಬರಿಯ ನ್ಯಾಯಾಲಯದಲ್ಲಿ, ಅದು ಈಗ ಕ್ಯೂನ ಅದೇ ಭಂಡಾರದ ಪ್ರಾಬ್ 11 ಸರಣಿಯಲ್ಲಿ ಸಿಗುತ್ತದೆ. ಚಿಕ್ಕವರದು ಆಯಾ ಬಿಷಪ್ಪರ ಕಚೇರಿಯಲ್ಲಿ. ಕ್ಯಾಡ್‌ಬರಿಗಳ ಮೂಲಕ್ಕೆ ಇಲ್ಲೇ ದೊಡ್ಡ ಕಂದಕ: ಎಕ್ಸೆಟರಿನಲ್ಲಿ ಇಟ್ಟಿದ್ದ ಡೆವನ್ ಮತ್ತು ಸಾಮರ್‌ಸೆಟ್ ಉಯಿಲುಗಳು 1942ರ ಜರ್ಮನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಅಷ್ಟಕ್ಕೇ ಕೈಚೆಲ್ಲಬೇಡಿ. ತೆರಿಗೆ ಇಲಾಖೆಯವರು 1812ರಿಂದ 1857ರ ತನಕ ಇಟ್ಟುಕೊಂಡಿದ್ದ ಪ್ರತಿಗಳು ಉಳಿದಿವೆ. ಅದಕ್ಕಿಂತ ಹಿಂದಕ್ಕೆ 1796ರ ತನಕ ಮರಣ ತೆರಿಗೆಯ ರಿಜಿಸ್ಟರ್ ಇದೆ, ಐಆರ್ 26 ಸರಣಿ. ಅದರಲ್ಲಿ ಯಾರಿಗೆ ಎಷ್ಟು ಸಂದಿತು ಅನ್ನುವುದೂ ಇರುತ್ತದೆ. ಉಯಿಲು ಹೇಳುವುದು ಆಸೆ, ತೆರಿಗೆಯ ರಿಜಿಸ್ಟರ್ ಹೇಳುವುದು ಆದದ್ದು.

ಇನ್ನೂ ಹಿಂದಿನವರ ಸ್ಥಿತಿಗತಿ ತಿಳಿಯಲು ಕ್ವೇಕರರದೇ ಒಂದು ವಿಶಿಷ್ಟ ದಾಖಲೆ ಇದೆ. ಚರ್ಚಿಗೆ ದಶಾಂಶ, ಅಂದರೆ ಬೆಳೆಯ ಹತ್ತನೇ ಒಂದು ಪಾಲು, ಕೊಡಲು ಅವರು ಒಪ್ಪುತ್ತಿರಲಿಲ್ಲ, ಅದಕ್ಕಾಗಿ ಅವರ ಸಾಮಾನು ಜಪ್ತಿಯಾಗುತ್ತಿತ್ತು. ಜಪ್ತಿಯಾದ ಗೋಧಿ, ಹಸು, ತಾಮ್ರದ ಪಾತ್ರೆ, ಅದರ ಬೆಲೆ ಎಲ್ಲವನ್ನೂ 'ಸಂಕಟಗಳ ಪುಸ್ತಕ'ದಲ್ಲಿ ಬರೆದಿಟ್ಟಿದ್ದಾರೆ. ಒಂದು ಮನೆಯಿಂದ ಏನು ಎತ್ತಿಕೊಂಡು ಹೋದರು ಅನ್ನುವುದರಿಂದ ಆ ಮನೆಯಲ್ಲಿ ಏನಿತ್ತು ಅಂತ ಊಹಿಸಬಹುದು.

1858ರ ನಂತರದ್ದು ಸಾಬೀತಾದ ಉಯಿಲುಗಳ ಪಟ್ಟಿಯಾದ ರಾಷ್ಟ್ರೀಯ ಪ್ರೊಬೇಟ್ ಸೂಚಿಯಲ್ಲಿ ಸುಲಭವಾಗಿ ಸಿಗುತ್ತದೆ, ಮೋಸ ಮಾಡುವುದೂ ಅದೇ. 1898ಕ್ಕೆ ಮೊದಲಿನ ಮೊತ್ತದಲ್ಲಿ ಸ್ವಂತ ಜಮೀನು ಮತ್ತು ಮನೆಯ ಬೆಲೆ ಸೇರಿರುವುದಿಲ್ಲ. ಶುರುವಿನ ದಶಕಗಳಲ್ಲಂತೂ 'ಇಷ್ಟು ಪೌಂಡಿನ ಒಳಗೆ' ಅಂತ ಮಾತ್ರ ಇರುತ್ತದೆ. ಬದುಕಿದ್ದಾಗಲೇ ಟ್ರಸ್ಟಿಗೆ ಬರೆದುಕೊಟ್ಟದ್ದು ಈ ಮೊತ್ತದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ದಾನಿಗಳ ಪ್ರೊಬೇಟ್ ಮೊತ್ತ ಅವರ ನಿಜವಾದ ಸಂಪತ್ತಿಗಿಂತ ಬಹಳ ಚಿಕ್ಕದಿರಬಹುದು. ಅದನ್ನು ಇವತ್ತಿನ ರೂಪಾಯಿಗೆ ಪರಿವರ್ತಿಸಿ ಕೋಟಿಗಳಲ್ಲಿ ಹೇಳುವ ಚಪಲ ಬಿಡಬೇಕು. ತಪ್ಪು ಅಂಕಿಯನ್ನು ಯಾವುದರಿಂದ ಗುಣಿಸಿದರೂ ತಪ್ಪೇ.

ಈಗ ಹಣ ಹುಟ್ಟಿದ ಜಾಗಕ್ಕೆ ಬರೋಣ. ಜಾನ್ 1824ರಲ್ಲಿ ಬುಲ್ ಸ್ಟ್ರೀಟಿನಲ್ಲಿ, ಅಪ್ಪನ ಬಟ್ಟೆ ಅಂಗಡಿಯ ಪಕ್ಕದಲ್ಲೇ, ಚಹಾ, ಕಾಫಿ, ಕೋಕೋ ಮಾರಲು ಕೂತರು. 1831ರಲ್ಲಿ ಕೋಕೋ ತಯಾರಿಕೆಗೆ ಇಳಿದರು. ಅಂದಿನ ಕೋಕೋ ಪುಡಿಯಲ್ಲಿ ಪಿಷ್ಟ, ಸಾಬಕ್ಕಿ, ಕಾಕಂಬಿಯೇ ಹೆಚ್ಚು, ಯಾಕೆಂದರೆ ಬೀಜದಲ್ಲಿನ ಕೊಬ್ಬನ್ನು ಹೀರಿಕೊಳ್ಳಲು ಏನಾದರೂ ಬೆರೆಸಲೇಬೇಕಿತ್ತು. ಮಕ್ಕಳು 1866ರಲ್ಲಿ ಹಾಲೆಂಡಿನ ವಾನ್ ಹೌಟನ್ ಯಂತ್ರ ತಂದು ಕೊಬ್ಬನ್ನೇ ಹಿಂಡಿ ತೆಗೆದು, ಬೆರಕೆಯಿಲ್ಲದ ಕೋಕೋ ಮಾರಿದರು. ಅದೃಷ್ಟ ತಿರುಗಿದ್ದು ಅಲ್ಲಿ. 1879ರಲ್ಲಿ ಬೋರ್ನ್‌ವಿಲ್ ಕಾರ್ಖಾನೆ, 1905ರಲ್ಲಿ ಡೈರಿ ಮಿಲ್ಕ್. ಈ ವಿವರದ ಮಹತ್ವ ಏನೆಂದರೆ, ಬೆರಕೆ ನಿಂತ ಮೇಲೆ ಪ್ರತಿ ಡಬ್ಬಿಗೂ ಹೆಚ್ಚು ಬೀಜ ಬೇಕಾಯಿತು. 1900ರ ಹೊತ್ತಿಗೆ ಆ ಬೀಜದ ದೊಡ್ಡ ಪಾಲು ಸಾವೊ ತೊಮೆಯಿಂದ ಬರುತ್ತಿತ್ತು.

ಇಲ್ಲಿ ಸಂಶೋಧಕರು ಮಾಡುವ ಒಂದು ತಪ್ಪಿನ ಬಗ್ಗೆ ನನಗೆ ನಿಜವಾಗಿ ಕಳವಳವಿದೆ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದಾಗ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಗುಲಾಮರಿಗೆ ಬಿಡಿಗಾಸೂ ಇಲ್ಲ. ಪರಿಹಾರ ಪಡೆದವರ ಪಟ್ಟಿಯನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ ಎಲ್ಲರಿಗೂ ತೆರೆದಿಟ್ಟಿದೆ, ಅಪರೂಪದ ಕೆಲಸ. ಆದರೆ ಅದರಲ್ಲಿ ಹೆಸರು ಸಿಗಲಿಲ್ಲ ಅಂದ ಮಾತ್ರಕ್ಕೆ 'ಈ ಮನೆತನದ ಕೈ ಶುದ್ಧ' ಅಂತ ಬರೆದುಬಿಡುತ್ತಾರೆ. ಆ ಪಟ್ಟಿ ಬ್ರಿಟಿಷ್ ವಸಾಹತುಗಳದ್ದು, 1830ರ ದಶಕದ್ದು. ಪೋರ್ಚುಗೀಸ್ ದ್ವೀಪದ ಕೋಕೋ ಅದರೊಳಗೆ ಹೇಗೆ ಬರಬೇಕು? ಅಂಗೋಲಾದ ಒಳನಾಡಿನಿಂದ ಜನರನ್ನು ಹಿಡಿದು ನಡೆಸಿಕೊಂಡು ಬಂದು, ಕಡಲ ತೀರದಲ್ಲಿ ಅಧಿಕಾರಿಯ ಮುಂದೆ 5 ವರ್ಷದ ಕರಾರು ಮಾಡಿಸಿ ಹಡಗು ಹತ್ತಿಸುತ್ತಿದ್ದರು. ಕಾಗದದ ಮೇಲೆ ಅದು ಕೂಲಿ ಒಪ್ಪಂದ. ಊರಿಗೆ ಮರಳಿದವರು ಇಲ್ಲವೆನ್ನುವಷ್ಟು ಕಡಿಮೆ.

ಕಂಪನಿಯ ಪರವಾಗಿ ಇದನ್ನು ನಿಭಾಯಿಸಿದವರು ರಿಚರ್ಡರ ಮಗ ವಿಲಿಯಂ. 1903ರಲ್ಲಿ ಲಿಸ್ಬನ್ನಿಗೆ ಹೋದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬವರನ್ನು ದ್ವೀಪಕ್ಕೂ ಅಂಗೋಲಾಕ್ಕೂ ಕಳಿಸಿ ವರದಿ ತರಿಸಿದರು. ಖರೀದಿ ನಿಲ್ಲಿಸಿದ್ದು 1909ರ ಮಾರ್ಚಿನಲ್ಲಿ. ಫ್ರೈ, ರೌನ್‌ಟ್ರೀ ಕಂಪನಿಗಳೂ ಆಗಲೇ ಜೊತೆಗೆ ನಿಲ್ಲಿಸಿದವು. ಖರೀದಿ ನಿಲ್ಲಿಸಿದರೆ ಪೋರ್ಚುಗೀಸರ ಮೇಲಿನ ಹಿಡಿತ ಹೋಗುತ್ತದೆ ಅನ್ನುವುದು ಅಲ್ಲಿಯ ತನಕ ಕ್ಯಾಡ್‌ಬರಿಯವರ ವಾದ. ಬ್ರಿಟಿಷ್ ವಿದೇಶಾಂಗ ಇಲಾಖೆಯೂ ಅವಸರ ಬೇಡ ಅನ್ನುತ್ತಿತ್ತು, ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲಿನ ಗಣಿಗಳಿಗೆ ಪೋರ್ಚುಗೀಸ್ ಮೊಜಾಂಬಿಕ್ಕಿನ ಆಳುಗಳು ಬೇಕಿದ್ದರು. ಇಷ್ಟೆಲ್ಲ ಒಪ್ಪಿದರೂ ಎಂಟು ವರ್ಷ ಬಹಳ ದೀರ್ಘ ಅಂತಲೇ ನಾನು ಹೇಳುತ್ತೇನೆ. ಆ ಎಂಟು ವರ್ಷ 'ವಿಚಾರಣೆ' ನಡೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ, ಕರಾರು ನಡೆದದ್ದು ದ್ವೀಪದಲ್ಲಿ.

1908ರ ಸೆಪ್ಟೆಂಬರಿನಲ್ಲಿ 'ದಿ ಸ್ಟ್ಯಾಂಡರ್ಡ್' ಪತ್ರಿಕೆ ಇದನ್ನೇ ಎತ್ತಿ ಆಡಿತು. ಜಾರ್ಜ್ ಕ್ಯಾಡ್‌ಬರಿ ಒಡೆತನದ 'ಡೈಲಿ ನ್ಯೂಸ್' ದಕ್ಷಿಣ ಆಫ್ರಿಕಾದ ಗಣಿಗಳ ಚೀನೀ ಕೂಲಿಗಳಿಗಾಗಿ ದನಿ ಎತ್ತಿತ್ತಲ್ಲ, ಸ್ವಂತ ಕೋಕೋ ವಿಚಾರದಲ್ಲಿ ಯಾಕೆ ಸುಮ್ಮನಿದ್ದೀರಿ ಎಂಬ ಏಟು ಅದರಲ್ಲಿತ್ತು. ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಕೊನೆಗೆ ಜ್ಯೂರಿ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟು, ಪರಿಹಾರವಾಗಿ ಒಂದು ಫಾರ್ದಿಂಗ್ ನಿಗದಿ ಮಾಡಿತು. ಒಂದು ಪೌಂಡಿಗೆ 960 ಫಾರ್ದಿಂಗ್. ಈ ಪ್ರಕರಣದ ಪತ್ರಗಳು ಈಗ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಕ್ಯಾಡ್‌ಬರಿ ರಿಸರ್ಚ್ ಲೈಬ್ರರಿಯಲ್ಲಿವೆ. ಮನೆತನದ ಹೆಸರಿನ ಗ್ರಂಥಾಲಯದಲ್ಲೇ ಮನೆತನಕ್ಕೆ ಮುಜುಗರ ತರುವ ಕಾಗದ ಉಳಿದಿರುವುದು ಮೆಚ್ಚಬೇಕಾದ ಸಂಗತಿ.

ಬೋರ್ನ್‌ವಿಲ್ ತೋರಿಕೆಯದ್ದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಮನೆಗಳು ಕಾರ್ಖಾನೆಯವರಿಗಷ್ಟೇ ಮೀಸಲಾಗಿರಲಿಲ್ಲ. ಟ್ರಸ್ಟಿಗೆ ಕೊಟ್ಟ ಮೇಲೆ ಆಸ್ತಿ ಮನೆತನದ ಮಕ್ಕಳ ಪಾಲಿಗೆ ಬರಲಿಲ್ಲ, ಬಾಡಿಗೆ ಮತ್ತೆ ಊರಿಗೇ ಖರ್ಚಾಯಿತು. ಹುಡುಕುವವರು ಟ್ರಸ್ಟ್ ಡೀಡನ್ನು ಪೂರ್ತಿ ಓದಬೇಕು. ಕೊಟ್ಟದ್ದೇನು, ವಾಪಸು ಪಡೆಯುವ ಹಕ್ಕು ಉಳಿಸಿಕೊಂಡಿದ್ದರೇ, ಟ್ರಸ್ಟಿಗಳು ಯಾರು, ಈ ಮೂರಕ್ಕೆ ಉತ್ತರ ಅಲ್ಲೇ ಇರುತ್ತದೆ.

ಕೋಕೋ ಬೀಜದ ಹಿಂದೆ ಹೋಗುವುದು ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆಯ ನಡುವೆ ಕೋಕೋ ಹಾಕಿ, ಬೆಲೆ ಬಿದ್ದಾಗ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಖರೀದಿಗೆ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ಆಗುವ ತನಕದ ಏರಿಳಿತ ಕಂಡವರು ಅವರು. ಚಾಕೊಲೇಟಿನ ಹಣದಲ್ಲಿ ಬೆಳೆದವನ ಪಾಲೆಷ್ಟು ಅಂತ ಅವರಿಗೆ ಗೊತ್ತು.

ಕ್ವೇಕರರ ಪುಸ್ತಕದಲ್ಲಿ ಕ್ಯಾಡ್‌ಬರಿ ಕುಟುಂಬದ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ ಎಲ್ಲ ಸಿಗುತ್ತವೆ. 1901ರ ಮಾರಾಟದ ಪಟ್ಟಿಯ 200 ಜನರಿಗೆ ಸೇರಿ ಸಿಗುವುದು ಒಂದು ಮೊತ್ತ. ಈ ಮನೆತನದ ವಂಶಾವಳಿ ಬರೆಯುವವರು ವಿಲಿಯಂ ಕ್ಯಾಡ್‌ಬರಿಯ ಪುಟದಲ್ಲಿ ಆ 200 ಮತ್ತು 3,555 ಎರಡೂ ಅಂಕಿಗಳನ್ನು ಬರೆಯಿರಿ. ಪಕ್ಕದಲ್ಲೇ 1909ರ ಮಾರ್ಚ್ ಅನ್ನುವುದನ್ನೂ.