ಬೀರು ಇಳಿಸಲು ಹನ್ನೊಂದು ಜನ

ಪಹಣಿ ತಿದ್ದಿಸಲು ಹೋದ ವಾರ ಒಂದು ಕಚೇರಿಗೆ ಹೋಗಿದ್ದೆ. ಕೆಲಸ ಆಗಲಿಲ್ಲ, ಅದೇನು ಸುದ್ದಿಯಲ್ಲ ಬಿಡಿ. ಮಹಡಿಯಿಂದ ಕಬ್ಬಿಣದ ಬೀರು ಇಳಿಸುತ್ತಿದ್ದರು. ಎಣಿಸಿದೆ, 11 ಜನ. ಬೀರುವಿಗೆ ಕೈ ತಾಗಿಸಿದ್ದವರು ನಾಲ್ಕೇ ಜನ. ಅವರಲ್ಲೂ ಒಬ್ಬರು ಎತ್ತುತ್ತಿದ್ದರೋ ಒರಗಿಕೊಂಡಿದ್ದರೋ ಹೇಳುವುದು ಕಷ್ಟ. ಉಳಿದವರದ್ದು ಬಾಯಿ ಕೆಲಸ.

"ಎಡಕ್ಕೆ, ಎಡಕ್ಕೆ!"

"ಯಾರ ಎಡ ಸಾರ್?"

ತಿರುವಿನಲ್ಲಿ ಬೀರು ಸಿಕ್ಕಿಕೊಂಡಿತು. ಇನ್ನಿಬ್ಬರನ್ನು ಕರೆಸಿದರು.

ಇದು ನಮ್ಮೊಬ್ಬರ ರೋಗ ಅಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್ಮನ್ ನೂರು ವರ್ಷಕ್ಕೂ ಹಿಂದೆಯೇ ಜನರಿಂದ ಹಗ್ಗ ಎಳೆಸಿ ಅಳೆದಿದ್ದ. 8 ಜನ ಸೇರಿದರೆ ತಲಾ ಶ್ರಮ ಅರ್ಧಕ್ಕೆ ಇಳಿಯುತ್ತಿತ್ತು. ಪಾಪ, ನಮ್ಮ ಕಚೇರಿ ನೋಡದೆ ಅರ್ಧ ಅಂದುಬಿಟ್ಟ.

ಈ ಸುದ್ದಿ ಇರುವೆಗಳಿಗೆ ಮುಟ್ಟಿಲ್ಲ. ಮಲೆನಾಡಿನಲ್ಲಿ ಚಟ್ನಿ ಅರೆಯುತ್ತೇವಲ್ಲ, ಎಲೆ ಹೊಲಿದು ಗೂಡು ಕಟ್ಟುವ ಆ ಚಗಳಿ? ಅದೇ ಜಾತಿಯನ್ನು ಆಸ್ಟ್ರೇಲಿಯಾದವರು ಕಾಗದದ ಎಲೆ ಎಳೆಯಲು ಬಿಟ್ಟು ಬಲ ಅಳೆದರು. 2025ರಲ್ಲಿ ಫಲಿತಾಂಶ ಬಂತು. ಗುಂಪು ದೊಡ್ಡದಾದಷ್ಟೂ ಒಂದೊಂದು ಇರುವೆಯೂ ಜಾಸ್ತಿ ಎಳೆಯಿತು. 15ರ ಗುಂಪಿನಲ್ಲಿ ತಲಾ ಬಲ, ಒಂಟಿ ಇರುವೆಯದ್ದಕ್ಕಿಂತ ದುಪ್ಪಟ್ಟಿನ ಹತ್ತಿರ. ಸಾಲಿನ ಹಿಂದಿನವು ಮೈ ಚಾಚಿ ನೆಲ ಕಚ್ಚಿಕೊಳ್ಳುತ್ತವೆ, ಎಳೆದದ್ದು ಹಿಂದೆ ಜಾರದ ಹಾಗೆ. ಮುಂದಿನವು ಎಳೆಯುತ್ತವೆ. ನಮ್ಮಲ್ಲೂ ಹಿಂದೆ ನಿಂತವರು ಎಳೆಯುವುದಿಲ್ಲ. ಕಚ್ಚಿಕೊಂಡಿರುತ್ತಾರೆ ಮಾತ್ರ, ಕುರ್ಚಿಯನ್ನು.

ನನಗೆ ನಗು ಬಂದದ್ದು ಇನ್ನೊಂದಕ್ಕೆ. ದಿಕ್ಕುದೆಸೆಯಿಲ್ಲದೆ ಓಡಾಡುವ ಉದ್ದ ಮೀಸೆಯ ಕಪ್ಪಿರುವೆಗಳಿವೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ ಅವುಗಳ ಹೊರೆ ಸಾಗಾಟದ ಬಗ್ಗೆ ಬರೆದರು. ಗುಂಪು ದಾರಿ ತಪ್ಪಿದಾಗ, ಗೂಡಿನ ದಿಕ್ಕು ಗೊತ್ತಿರುವ ಹೊಸ ಇರುವೆ ಬಂದು ಹೊರೆ ಹಿಡಿದು ತಿರುಗಿಸುತ್ತದೆ. ಉಳಿದವು ಒಪ್ಪುತ್ತವೆ. 10-20 ಸೆಕೆಂಡಿನಲ್ಲಿ ಅದರ ಮಾಹಿತಿ ಹಳಸುತ್ತದೆ. ಆಗ ಅದೂ ಸುಮ್ನೆ ಹೊರುವವರಲ್ಲಿ ಒಂದು. ಮುಂದಾಳ್ತನ ಇನ್ನೊಂದಕ್ಕೆ. ನಮ್ಮಲ್ಲಿ ಮಾಹಿತಿ ಹಳಸಿದ ಮೇಲೇ ಅಲ್ವಾ ಬಡ್ತಿ ಸಿಗುವುದು?

ನಿನ್ನೆ ಮತ್ತೆ ಹೋದೆ. ಬೀರು ಇನ್ನೂ ಮೆಟ್ಟಿಲ ತಿರುವಿನಲ್ಲೇ ಇದೆ, ಬಾಗಿಲು ಗೋಡೆಗೆ ಮುಖ ಮಾಡಿಕೊಂಡು. ಜನ ಹೊಟ್ಟೆ ಎಳೆದುಕೊಂಡು ಪಕ್ಕದಲ್ಲಿ ನುಸುಳುತ್ತಿದ್ದಾರೆ. ನನ್ನ ಅರ್ಜಿ ಏನಾಯ್ತು ಅಂತ ಕೇಳಿದೆ.

"ಅದರೊಳಗೇ ಇದೆ ಸಾರ್. ಜನ ಸಾಲಲಿಲ್ಲ. ಇನ್ನೂ ಆರು ಜನ ಬೇಕು ಅಂತ ಮೇಲಕ್ಕೆ ಬರೆದಿದ್ದೀವಿ."