ಪ್ಲೇಕ್ ರಿಪೋರ್ಟ್ ಬರೀ ಊಹೆಯಲ್ಲ: ಒಂದು ಸ್ಪಷ್ಟನೆ

ಮಂಡ್ಯ, ಮೈಸೂರಿನ ವಾಟ್ಸಾಪ್ ಗ್ರೂಪ್‌ಗಳಲ್ಲಿ ಪ್ಲೇಕ್, ಅಂದರೆ ರಕ್ತನಾಳದ ಒಳಗೋಡೆಯಲ್ಲಿ ಕಟ್ಟಿಕೊಳ್ಳುವ ಕೊಬ್ಬಿನ ಪದರದ ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ. ‘ರಕ್ತನಾಳದ ಪ್ಲೇಕನ್ನು ಲ್ಯಾಬ್‌ನವರು ಆಸಿಡ್‌ನಲ್ಲಿ ನೆನೆಸ್ತಾರೆ, ಕೊಬ್ಬೆಲ್ಲ ಕರಗುತ್ತೆ, ಆಮೇಲೆ ಬರೆಯೋ ರಿಪೋರ್ಟ್ ಸುಮ್ನೆ ಊಹೆ. ಅದಕ್ಕೇ ಸ್ಟೆಂಟ್ ಬೇಡ ಅನ್ನಿ.’

ಅರ್ಧ ನಿಜ. ಸುಣ್ಣ ಕಟ್ಟಿದ ಪ್ಲೇಕನ್ನು ಹಾಗೇ ಕತ್ತರಿಸಿದರೆ ಪುಡಿಯಾಗುತ್ತದೆ, ಆ ಸುಣ್ಣ ಕರಗಿಸೋಕೆ ಆಸಿಡ್. ಕೊಬ್ಬು ಕರಗುವುದು ಆಮೇಲೆ, ಆಲ್ಕೋಹಾಲ್ ಮತ್ತು ಝೈಲೀನ್ ಎಂಬ ದ್ರಾವಕದಲ್ಲಿ. ಆದರೆ ಕೊಲೆಸ್ಟ್ರಾಲ್ ಹರಳು ಇದ್ದ ಜಾಗದಲ್ಲಿ ಸೂಜಿಯಂಥ ಖಾಲಿ ಸೀಳು ಉಳಿಯುತ್ತದೆ. ಪೆಥಾಲಜಿಸ್ಟ್ (ಸ್ಲೈಸನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರ್) ಗುರುತಿಸುವುದು ಅದನ್ನೇ. ಕೊಬ್ಬನ್ನೇ ನೋಡಬೇಕಾದರೆ ಪ್ಲೇಕನ್ನು ಫ್ರೀಜ್ ಮಾಡಿ ಕತ್ತರಿಸಿ, ಆಯಿಲ್ ರೆಡ್ ಓ ಬಣ್ಣ ಹಾಕುತ್ತಾರೆ. ಕೊಬ್ಬು ಕೆಂಪಗೆ ಕಾಣುತ್ತದೆ.

ನಿಜವಾದ ಮಿತಿ ಬೇರೆ. ಒಂದು ಸ್ಲೈಸ್ ಸುಮಾರು 4 ಮೈಕ್ರಾನ್, ಅಂದರೆ ಮಿಲಿಮೀಟರ್‌ನ ಸಾವಿರದಲ್ಲಿ ನಾಲ್ಕು ಭಾಗದಷ್ಟು ದಪ್ಪ. ಪ್ಲೇಕ್ ಸೆಂಟಿಮೀಟರ್‌ಗಟ್ಟಲೆ ಉದ್ದ ಇರಬಹುದು. ಪ್ಲೇಕ್ ಬಿರುಕು ಬಿಟ್ಟಿದ್ದು ಆ ಸ್ಲೈಸ್‌ನಲ್ಲಿ ಸಿಗದಿದ್ದರೆ ರಿಪೋರ್ಟ್‌ನಲ್ಲೂ ಬರಲ್ಲ. ಹಾಗಾಗಿ ಹಲವು ಕಡೆ ಕತ್ತರಿಸಿ ನೋಡಬೇಕು.

ಇನ್ನು ಸ್ಟೆಂಟ್ (ಕಿರಿದಾದ ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಮಾತು. ಅದು ತೀರ್ಮಾನವಾಗುವುದು ಎದೆನೋವು, ಇಸಿಜಿ, ಆಂಜಿಯೋಗ್ರಾಂ ನೋಡಿ. ಪ್ಲೇಕ್ ಲ್ಯಾಬಿಗೆ ಹೋಗುವುದು ಸಾಮಾನ್ಯವಾಗಿ ಆಪರೇಷನ್ ಮಾಡಿ ಅದನ್ನು ತೆಗೆದ ಮೇಲೆ, ಇಲ್ಲವೇ ಪೋಸ್ಟ್‌ಮಾರ್ಟಂನಲ್ಲಿ. ಎರಡಕ್ಕೂ ಸಂಬಂಧವೇ ಇಲ್ಲ, ಅಲ್ವಾ? ಎದೆನೋವು ಬಂದರೆ ಈ ಮೆಸೇಜ್ ನಂಬಿ ದಯವಿಟ್ಟು ಮನೆಯಲ್ಲಿ ಕೂರಬೇಡಿ. 108ಕ್ಕೆ ಫೋನ್ ಮಾಡಿ.