ನಾಲ್ಕು ಗಂಟೆಗೆ ಚುಚ್ಚುತ್ತದೆ

ಹೋಲ್ಸ್ಟರ್ ಅಂದರೆ ಪಿಸ್ತೂಲನ್ನು ಮೈಗೆ ಕಟ್ಟಿಕೊಳ್ಳುವ ಒರೆ. ಅದರ ಜಾಹೀರಾತಿನಲ್ಲಿರುವ ಗಂಡಸು ಯಾವಾಗಲೂ ನಿಂತೇ ಇರುತ್ತಾನೆ. ಹೊಟ್ಟೆ ಒಳಗೆ, ಎದೆ ಹೊರಗೆ. ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಸೊಂಟ ತೋರಿಸುತ್ತಾನೆ. ಪಿಸ್ತೂಲು ಅಲ್ಲಿ ಮೈಗೆ ಅಂಟಿಕೊಂಡು ತೆಪ್ಪಗೆ ಕೂತಿರುತ್ತದೆ. ಕೆಳಗೆ ‘ದಿನವಿಡೀ ಹಾಯಾಗಿರಿ’ ಎಂಬ ಭರವಸೆ. ದಿನವಿಡೀ ನಿಂತೇ ಇರುವವರಿಗೆ ಅದು ನಿಜವೂ ಇರಬಹುದು. ಆದರೆ ಟೆಕ್ಸಾಸ್‌ನಲ್ಲಿ ನಿಲ್ಲುವವರು ಯಾರು? ಇಲ್ಲಿ ಒಂದು ಕ್ಯಾನ್ ಹಾಲು ತರಬೇಕಾದರೂ ಕಾರಲ್ಲಿ ಕೂರಬೇಕು. ಬ್ಯಾಂಕಿನ ಕೆಲಸ ಕೂತೇ ಆಗುತ್ತದೆ, ಕಾಫಿ ಕಿಟಕಿಯಿಂದ ಕೈಗೆ ಬರುತ್ತದೆ.

ನನಗಂತೂ ಕೂರುವುದೇ ಅರ್ಧ ಉದ್ಯೋಗ. ತೈಲ ಬಾವಿಗಳ ಮೀಟರು, ವಾಲ್ವು ಕೆಟ್ಟಾಗ ಹೋಗಿ ನೋಡುವವನು ನಾನು. ಮನೆ ಸ್ಯಾನ್ ಆಂಟೋನಿಯೊದಲ್ಲಿ, ಬಾವಿಗಳು ಮಿಡ್‌ಲ್ಯಾಂಡ್, ಓಡೆಸ್ಸಾ ಕಡೆ. ಹತ್ತಿರ ಹತ್ತಿರ ಐದು ಗಂಟೆಯ ದಾರಿ. ಕೆರ್‌ವಿಲ್ ದಾಟಿದ ಮೇಲೆ ವೇಗಮಿತಿ ಗಂಟೆಗೆ 80 ಮೈಲಿ. ಅಲ್ಲಿಂದಾಚೆ ಮನುಷ್ಯರು ಕಮ್ಮಿ, ಕುರುಚಲು ಗಿಡ ಜಾಸ್ತಿ. ಮೊಬೈಲ್ ಸಿಗ್ನಲ್ ಬಂದರೆ ಬಂತು. ಒಂದು ರಾತ್ರಿ ಟೈರು ಪಂಕ್ಚರ್ ಆಗಿ ನಿಂತಿದ್ದಾಗ, ಗುರುತಿಲ್ಲದ ಒಂದು ಪಿಕಪ್ ಹಿಂದೆ ಬಂದು ದೀಪ ಆರಿಸಿ ನಿಂತಿತು. ಇಳಿದು ಬಂದವನು ಪಾಪ, ಜಾಕ್ ಹಿಡಿದುಕೊಂಡೇ ಬಂದ. ಟೈರು ಬದಲಿಸಿಕೊಟ್ಟು, ದೇವರು ಒಳ್ಳೇದು ಮಾಡಲಿ ಅಂತ ಹರಸಿ ಹೋದ. ಆದರೆ ಅವನು ಇಳಿಯುವ ಮುಂಚಿನ ಆ ಅರ್ಧ ನಿಮಿಷ ಇದೆಯಲ್ಲ, ಪಿಸ್ತೂಲು ಕೊಂಡದ್ದು ಅದರ ಸಲುವಾಗಿ.

ವೀಸಾದ ಮೇಲಿದ್ದಾಗ ಈ ಚಿಂತೆ ಇರಲಿಲ್ಲ. ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ, ವೀಸಾದವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂತು, ಚಿಂತೆಯೂ ಜೊತೆಗೆ ಬಂತು. 2021ರ ಸೆಪ್ಟೆಂಬರಿನಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದ, ಕಾನೂನಿನ ಅಡ್ಡಿ ಇಲ್ಲದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೂ ನಾನು ಲೈಸೆನ್ಸ್ ಮಾಡಿಸಿದೆ. ಕೆಲವು ಬಾವಿಗಳು ಗಡಿಯಾಚೆ ನ್ಯೂ ಮೆಕ್ಸಿಕೊ ರಾಜ್ಯದಲ್ಲಿವೆ, ಅವರು ಟೆಕ್ಸಾಸ್ ಲೈಸೆನ್ಸ್ ಒಪ್ಪುತ್ತಾರೆ. ಕ್ಲಾಸಿಗೆ ಹೋಗಿ, ಬರೆಯುವ ಪರೀಕ್ಷೆ ಮುಗಿಸಿ, 50 ಗುಂಡು ಹಾರಿಸಿದ್ದಾಯಿತು. 250ಕ್ಕೆ 175 ಬಂದರೆ ಪಾಸು. ಅಷ್ಟೂ ಗುಂಡನ್ನು ಹಾರಿಸಿದ್ದು ನಿಂತುಕೊಂಡು. ಕೂರುವ ವಿಷಯಕ್ಕೆ ಒಂದು ಮಾರ್ಕೂ ಇರಲಿಲ್ಲ.

ಪಿಸ್ತೂಲು ಕಟ್ಟುವವರ ಲೋಕದಲ್ಲಿ ಸೊಂಟ ಅಂದರೆ ಗಡಿಯಾರ. ಹೊಕ್ಕುಳು ಹನ್ನೆರಡು ಗಂಟೆ. ಬಲಗಡೆ ಪ್ಯಾಂಟಿನ ಹೊಲಿಗೆ ಮೂರು. ಅದಕ್ಕಿಂತ ಚೂರು ಹಿಂದೆ ನಾಲ್ಕು. ಬೆನ್ನುಮೂಳೆ ಆರು. ಅಂಗಡಿಯ ಹುಡುಗ ‘ಮೂರು ಗಂಟೆಯೋ ನಾಲ್ಕೋ?’ ಅಂತ ಕೇಳಿದಾಗ, ‘ಇಲ್ಲಪ್ಪ, ಬೆಳಿಗ್ಗೆ ಏಳಕ್ಕೇ ಮನೆ ಬಿಡ್ತೀನಿ’ ಅಂದೆ. ಅವನು ತುಂಬಾ ಒಳ್ಳೆಯ ಹುಡುಗ. ನಗಲಿಲ್ಲ.

ಮೂರು ಗಂಟೆಯಲ್ಲಿ ಏನಾಗುತ್ತದೆ ಅಂದರೆ, ಇಲ್ಲಿನ ಕಾರಿನಲ್ಲಿ ಓಡಿಸುವವನು ಎಡಗಡೆ ಕೂರುತ್ತಾನೆ. ಸೀಟ್ ಬೆಲ್ಟು ಎಡ ಭುಜದಿಂದ ಇಳಿದು ಬಲ ಸೊಂಟದ ಪಕ್ಕ ಬಕಲ್ಲಿಗೆ ಬೀಳುತ್ತದೆ. ಬಲಗೈಯವನ ಪಿಸ್ತೂಲು ಇರುವುದೂ ಅದೇ ಜಾಗದಲ್ಲಿ. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಕಥೆ. ಬೆಲ್ಟು ಹಾಕಲು ಹೋದರೆ ಅಂಗಿ ಸಿಕ್ಕಿಕೊಳ್ಳುತ್ತದೆ, ಬಿಚ್ಚಲು ಹೋದರೆ ಕೈಗೆ ಬಕಲ್ಲಿನ ಬದಲು ಪಿಸ್ತೂಲಿನ ಹಿಡಿ ಸಿಗುತ್ತದೆ.

ಹಾಗಾಗಿ ನಾಲ್ಕಕ್ಕೆ ಸರಿಸಿದೆ. ಬಕಲ್ಲಿನ ಜಗಳ ಮುಗಿಯಿತು, ಸೀಟಿನದ್ದು ಶುರುವಾಯಿತು. ಗುಂಡು ತುಂಬಿದ ಗ್ಲಾಕ್ 19 ಪಿಸ್ತೂಲು ಸುಮಾರು 850 ಗ್ರಾಂ ತೂಗುತ್ತದೆ. ಅದನ್ನು ಬೆನ್ನಿಗೂ ಸೀಟಿಗೂ ನಡುವೆ ಸಿಕ್ಕಿಸಿ ಜಂಕ್ಷನ್ ಊರಿನ ತನಕ ಹೋಗಿ ನೋಡಿ. ಊರು ಬರುವ ಹೊತ್ತಿಗೆ ಪಿಸ್ತೂಲಿನ ಹಿಂಬದಿಯ ನಕಾಶೆ ಪೂರ್ತಿ ನಿಮ್ಮ ಮೈಮೇಲೆ ಇರುತ್ತದೆ. ಒಂದು ಗಂಟೆ ಅಂತ ಇನ್ನೊಂದು ಜಾಗ ಇದೆ, ಹೊಕ್ಕುಳಿನಿಂದ ಸ್ವಲ್ಪ ಬಲಕ್ಕೆ, ಪ್ಯಾಂಟಿನ ಒಳಗೆ. ತೆಳ್ಳಗಿರುವವರು ಇದನ್ನು ಹೊಗಳುತ್ತಾರೆ. ನಾನು ದಾವಣಗೆರೆಯವನು, ಬೆಣ್ಣೆ ದೋಸೆಯಲ್ಲಿ ಬೆಳೆದ ಹೊಟ್ಟೆ. ನಿಂತಾಗ ಎಲ್ಲ ಸರಿ. ಕೂತ ತಕ್ಷಣ ಹಿಡಿ ಹೊಟ್ಟೆಗೆ ಒತ್ತುತ್ತದೆ, ನಳಿಗೆ ಕೆಳಗೆ ನೋಡುತ್ತದೆ. ಅದು ನೋಡುವ ದಿಕ್ಕನ್ನು ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಗಂಟೆಯ ಕಾಲದಲ್ಲೇ ಒಬ್ಬ ಪೊಲೀಸರು ನನ್ನನ್ನು ನಿಲ್ಲಿಸಿದರು. ವೇಗ ಸ್ವಲ್ಪ ಜಾಸ್ತಿಯಾಗಿತ್ತು. ಇಲ್ಲಿ ಪೊಲೀಸರು ಗುರುತಿನ ಚೀಟಿ ಕೇಳಿದರೆ, ಲೈಸೆನ್ಸ್ ಮಾಡಿಸಿ ಪಿಸ್ತೂಲು ಇಟ್ಟುಕೊಂಡವನು ಡ್ರೈವಿಂಗ್ ಲೈಸೆನ್ಸಿನ ಜೊತೆ ಅದನ್ನೂ ತೋರಿಸಬೇಕು. ಎರಡು ಕೈಯನ್ನೂ ಸ್ಟಿಯರಿಂಗ್ ಮೇಲಿಟ್ಟು, ಕ್ಲಾಸಲ್ಲಿ ಕಲಿತಂತೆ ಹೇಳಿದೆ, ‘ಸರ್, ನನ್ನ ಹತ್ತಿರ ಪಿಸ್ತೂಲಿದೆ.’

‘ಎಲ್ಲಿದೆ?’

‘ಬಲ ಸೊಂಟದಲ್ಲಿ.’

‘ಸರಿ. ಅದನ್ನು ಮುಟ್ಟಬೇಡಿ. ಲೈಸೆನ್ಸ್ ಕೊಡಿ.’

‘ಪರ್ಸಲ್ಲಿದೆ ಸರ್.’

‘ಪರ್ಸ್ ಎಲ್ಲಿ?’

‘ಪಿಸ್ತೂಲಿನ ಕೆಳಗೆ.’

ಅವರು ಒಂದು ಕ್ಷಣ ಆಕಾಶ ನೋಡಿದರು. ಆಮೇಲೆ ಕಾರಿನಿಂದ ಇಳಿಸಿ, ಬೆನ್ನು ತಿರುಗಿಸಿ ನಿಲ್ಲಿಸಿ, ಹಿಂಜೇಬಿನ ಪರ್ಸನ್ನು ತಾವೇ ತೆಗೆದರು. ಹಾದು ಹೋಗುವ ಲಾರಿಗಳವರೆಲ್ಲ ದೊಡ್ಡ ಕಳ್ಳಸಾಗಣೆದಾರ ಸಿಕ್ಕಿಬಿದ್ದ ಅಂದುಕೊಂಡಿರಬೇಕು. ಪುಣ್ಯಾತ್ಮರು ದಂಡ ಹಾಕದೆ ಎಚ್ಚರಿಕೆ ಕೊಟ್ಟು ಬಿಟ್ಟರು. ಹೋಗುವಾಗ ಕಿಟಕಿಗೆ ಬಗ್ಗಿ, ‘ಪರ್ಸನ್ನು ಮುಂದೆ ಎಲ್ಲಾದರೂ ಇಡಿ. ನಾನೂ ದಿನವೆಲ್ಲ ಇದನ್ನು ಕಟ್ಟಿಕೊಂಡೇ ಕಾರಲ್ಲಿ ಕೂರುವವನು, ನನ್ನ ಸೊಂಟವೂ ಹೋಗಿದೆ’ ಅಂದರು. ಇಷ್ಟು ವರ್ಷ ಇಲ್ಲಿದ್ದು, ಅಮೆರಿಕದ ಪೊಲೀಸರೊಬ್ಬರ ಜೊತೆ ನಾನು ಸುಖದುಃಖ ಹಂಚಿಕೊಂಡದ್ದು ಅಂದೇ ಮೊದಲು.

ಜಾಗದ ಕಥೆ ಇದಾದರೆ ಸಾಮಾನಿನದ್ದು ಇನ್ನೊಂದು. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ, ಪಿಸ್ತೂಲಿನ ಅಚ್ಚಿಗೆ ಒತ್ತಿ ಮಾಡುವ ಹೋಲ್ಸ್ಟರ್ ಒಂದು ಬಗೆ. ಟ್ರಿಗರ್ ಪೂರ್ತಿ ಮುಚ್ಚಿರುತ್ತದೆ, ಪಿಸ್ತೂಲು ‘ಟಕ್’ ಅಂತ ಕೂರುತ್ತದೆ, ಅಲುಗಾಡುವುದಿಲ್ಲ. ಅದೇ ಅದರ ಗುಣ, ಅದೇ ದೋಷ. ಮೈ ಎಷ್ಟು ಬಾಗಿದರೂ ಅದು ಬಾಗುವುದಿಲ್ಲ. ಆಗಸ್ಟಿನ ಬಿಸಿಲಿಗೆ ಅದರ ಹಿಂದೆ ಬೆವರು ಇಳಿದು ಪ್ಯಾಂಟಿನ ಒಂದೇ ಕಡೆ ಒದ್ದೆಯಾದಾಗ ಜನ ಬೇರೇನೋ ಅಂದುಕೊಳ್ಳುತ್ತಾರೆ.

ಚರ್ಮದ್ದು ಮೆತ್ತಗೆ, ದಿನ ಕಳೆದಂತೆ ಮೈಗೆ ಒಗ್ಗುತ್ತದೆ. ಆದರೆ ಸದ್ದು ಮಾಡುತ್ತದೆ. ನನ್ನ ಕಾರು ಹಳ್ಳ ಹಾರಿದಾಗೆಲ್ಲ ‘ಕಿರ್ ಕಿರ್’ ಅನ್ನುತ್ತಿತ್ತು. ಸಸ್ಪೆನ್ಷನ್ ಹೋಯಿತು ಅಂತ ಗ್ಯಾರೇಜಿಗೆ ಬಿಟ್ಟೆ. ಮೆಕ್ಯಾನಿಕ್ ಓಡಿಸಿ ನೋಡಿ, ಏನೂ ಇಲ್ಲ ಅಂದ. ನಾನು ಓಡಿಸಿದರೆ ಸದ್ದು ಇದೆ. ಅವನು ಓಡಿಸಿದರೆ ಇಲ್ಲ. ಬುಷ್ ಬದಲಿಸಿದ, ಗ್ರೀಸ್ ಹಾಕಿದ. ಕೊನೆಗೆ ನನ್ನನ್ನು ಓಡಿಸಲು ಬಿಟ್ಟು ಪಕ್ಕದಲ್ಲಿ ಕೂತು ಕಿವಿಗೊಟ್ಟ. ‘ಸದ್ದು ಕಾರಿನದ್ದಲ್ಲ, ನಿಮ್ಮದು’ ಅಂದ. ಬಿಲ್ಲು ಮಾತ್ರ ಕಾರಿನ ಹೆಸರಿಗೇ ಬಂತು.

ಆಮೇಲೆ ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ತರಿಸಿದೆ. ಅದನ್ನು ಬಿಗಿದುಕೊಂಡು ಕನ್ನಡಿ ಮುಂದೆ ನಿಂತಿದ್ದಾಗ ಹೆಂಡತಿ ಬಂದಳು. ‘ರೀ, ನನ್ನ ಬಾಣಂತನದಲ್ಲಿ ಅಮ್ಮ ಕಟ್ಟಿದ್ದೂ ಇದೇ ಥರದ್ದು ಅಲ್ವಾ? ಬೆಳ್ಳುಳ್ಳಿ ಚಟ್ನಿಪುಡಿ, ಬಿಸಿ ಅನ್ನ ಕೊಡ್ಲಾ?’ ಆ ಪಟ್ಟಿಯನ್ನು ಮತ್ತೆ ಮುಟ್ಟಲಿಲ್ಲ.

ಭುಜದ ಹೋಲ್ಸ್ಟರು ಕೂರುವವರಿಗೆ ಹಾಯೇ. ಆದರೆ ಮೇಲೆ ಕೋಟು ಬೇಕು. 40 ಡಿಗ್ರಿಯಲ್ಲಿ ಓಡೆಸ್ಸಾದಲ್ಲಿ ಕೋಟು ಹಾಕಿದವನನ್ನು ನೋಡಿದರೆ, ಒಳಗೆ ಏನೋ ಬಚ್ಚಿಟ್ಟಿದ್ದಾನೆ ಅಂತ ಮಗುವಿಗೂ ಗೊತ್ತಾಗುತ್ತದೆ. ಕಾಲಿಗೆ ಕಟ್ಟುವುದೂ ಇದೆ. ಬಲಗೈಯವರು ಎಡಗಾಲಿನ ಒಳಬದಿಗೆ ಕಟ್ಟುತ್ತಾರೆ. ಆಟೋಮ್ಯಾಟಿಕ್ ಕಾರಲ್ಲಿ ಎಡಗಾಲಿಗೆ ಕೆಲಸವಿಲ್ಲ, ಹೇಳಿ ಮಾಡಿಸಿದ ಜಾಗ ಅನ್ನಿಸಿತು. ಕಷ್ಟ ಇಳಿದ ಮೇಲೆ. ಒಂದು ಕಾಲು ಭಾರ, ಇನ್ನೊಂದು ಹಗುರ. ಊಟಕ್ಕೆ ಇಳಿದಲ್ಲಿ ಕುಂಟಿಕೊಂಡು ಸಾಲಲ್ಲಿ ನಿಂತಿದ್ದೆ. ಒಬ್ಬ ಅಜ್ಜಿ, ತಾನೇ ಕೋಲೂರಿ ನಿಂತಿದ್ದವರು, ನನ್ನನ್ನು ತಮ್ಮ ಮುಂದೆ ಬಿಟ್ಟರು. ಬೇಡ ಅಂದರೂ ಕೇಳಲಿಲ್ಲ. ನಿಜ ಹೇಳುವ ಹಾಗೂ ಇರಲಿಲ್ಲ.

ಸೊಂಟಕ್ಕೆ ಕಟ್ಟುವುದೇ ಬೇಡ, ಸ್ಟಿಯರಿಂಗ್ ಕೆಳಗೆ ಅಯಸ್ಕಾಂತ ಹಾಕಿ ಅಂಟಿಸಿಬಿಡಿ ಅನ್ನುವವರೂ ಸಿಕ್ಕರು. ಟ್ರಿಗರ್ ಮುಚ್ಚದೆ ಮೊಣಕಾಲಿನ ಹತ್ತಿರ ಪಿಸ್ತೂಲು ನೇತುಹಾಕುವಷ್ಟು ಧೈರ್ಯ ನನಗಿಲ್ಲ. ಕಾರಿನೊಳಗೆ ಅದನ್ನು ತೆಗೆಯುವ, ತುರುಕುವ ಆಟವೂ ನನಗೆ ಆಗದು. ತೆಗೆಯಬೇಕಾದರೆ ಹೋಲ್ಸ್ಟರ್ ಸಮೇತ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಈ ವಿಷಯದಲ್ಲಿ ನನಗೆ ತಮಾಷೆ ಇಲ್ಲ.

ಹೀಗೆ ಬೇಡವಾದ ಹೋಲ್ಸ್ಟರುಗಳಿಗೆ ಮನೆಯಲ್ಲಿ ಒಂದು ಡ್ರಾಯರ್ ಆಯಿತು. ಪಿಸ್ತೂಲಿರುವ ಪ್ರತಿ ಮನೆಯಲ್ಲೂ ಅಂಥದ್ದೊಂದು ಇರುತ್ತದಂತೆ. ಆಯುಧಪೂಜೆಯ ದಿನ ಹೆಂಡತಿ ಅದನ್ನು ಎಳೆದು ನೋಡಿ, ‘ಆಯುಧ ಒಂದೇ. ಬಟ್ಟೆ ಮಾತ್ರ ನನಗಿಂತ ಜಾಸ್ತಿ’ ಅಂದಳು. ಅಂದು ಊಟಕ್ಕೆ ಬಂದಿದ್ದ ಮಡಿಕೇರಿ ಕಡೆಯ ಗೆಳೆಯನಿಗೆ ಇದು ಬಹಳ ಹಿಡಿಸಿತು. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿ ಇರುವವರಿಗೆ ಬ್ರಿಟಿಷರ ಕಾಲದಿಂದಲೂ ಬಂದೂಕಿನ ಲೈಸೆನ್ಸ್ ವಿನಾಯಿತಿ ಇದೆ, ಈಗ ಅದು 2029ರವರೆಗೆ ವಿಸ್ತರಣೆಯಾಗಿದೆ. ಹಾಗಾಗಿ ಈ ವಿಚಾರದಲ್ಲಿ ಅವನ ಮಾತಿಗೆ ತೂಕ ಜಾಸ್ತಿ. ‘ನಮ್ಮನೆ ಕೋವಿ ಗೋಡೆ ಮೇಲಿರುತ್ತೆ. ಕೈಲ್‌ಪೋಳ್ದ್ ಹಬ್ಬಕ್ಕೆ ಇಳಿಸಿ, ತೋಕ್ ಪೂ ಅಂತ ಕೋವಿ ಹೂ ಸಿಕ್ಕಿಸಿ ಪೂಜೆ ಮಾಡ್ತೀವಿ. ನಿನ್ನ ಹಾಗೆ ಅದರ ಮೇಲೆ ಕೂರಲ್ಲ’ ಅಂದ.

ದಾರಿ ತೋರಿಸಿದ್ದು ಒಂದು ಸಣ್ಣ ಊರಿನ ಚರ್ಮದ ಅಂಗಡಿಯ ಮುದುಕ. ಉಳಿದವರೆಲ್ಲ ‘ಯಾವ ಪಿಸ್ತೂಲು?’ ಅಂತ ಕೇಳಿದ್ದರು. ಈತ ಕೇಳಿದ್ದು ‘ಯಾವ ಗಾಡಿ?’ ಅಂತ. ಹೊರಗೆ ಬಂದು, ನನ್ನನ್ನು ಸೀಟಲ್ಲಿ ಕೂರಿಸಿ, ಬೆಲ್ಟು ಹಾಕಿಸಿ, ಟೇಪು ಹಿಡಿದು ಅಲ್ಲೇ ಅಳತೆ ತೆಗೆದ. ‘ಎಡಗಡೆ ಮುಂದಕ್ಕೆ ಇಡು, ಹಿಡಿ ಬಲಗೈ ಕಡೆ ವಾಲಲಿ. ಕುದುರೆ ಮೇಲೆ ಕೂರುವವರು ಹೀಗೇ ಕಟ್ಟುತ್ತಿದ್ದರು. ನೀನೂ ಕೂರುವವನೇ ತಾನೆ’ ಅಂದ. ಜೊತೆಗೆ ಒಂದೂವರೆ ಇಂಚಿನ ಗಡಸು ಬೆಲ್ಟು ಕೊಟ್ಟ. ಮೆತ್ತನೆಯ ಬೆಲ್ಟಿಗೆ ಎಷ್ಟು ದುಬಾರಿ ಹೋಲ್ಸ್ಟರ್ ಸಿಕ್ಕಿಸಿದರೂ ಜೋತು ಬೀಳುತ್ತದಂತೆ. ಎರಡು ಇಂಚು ದೊಡ್ಡ ಪ್ಯಾಂಟು ಕೊಳ್ಳು ಅಂತಲೂ ಹೇಳಿದ. ಅದು ಹೋಲ್ಸ್ಟರಿಗೋ ಹೊಟ್ಟೆಗೋ ಅಂತ ನಾನು ಕೇಳಲಿಲ್ಲ.

ಓಡೆಸ್ಸಾ ಈಗ ಹತ್ತಿರವಾಗಿದೆ. ಮುಚ್ಚಿಕೊಳ್ಳಲು ದೊಗಲೆ ಚೌಕುಳಿ ಅಂಗಿಗಳನ್ನು ಹಾಕಬೇಕು, ಅದೊಂದು ಕಷ್ಟ. ಕಿಟಕಿ ಪರದೆ ಯಾವುದು, ನನ್ನ ಅಂಗಿ ಯಾವುದು ಅಂತ ಒಗೆಯುವಾಗ ಗೊಂದಲವಾಗುತ್ತದೆ ಅನ್ನುತ್ತಾಳೆ ಹೆಂಡತಿ.

ಕಳೆದ ಡಿಸೆಂಬರಿನಲ್ಲಿ ದಾವಣಗೆರೆಗೆ ಹೋಗಿದ್ದೆ, ಬರಿ ಸೊಂಟದಲ್ಲಿ. ಭಾವನ ಕಾರಲ್ಲಿ ಚಿತ್ರದುರ್ಗಕ್ಕೆ ಹೊರಟೆವು. ಭಾವ ಬಲಗಡೆ ಕೂತು, ಬೆಲ್ಟನ್ನು ಎಳೆದು ಎಡ ಸೊಂಟದ ಹತ್ತಿರ ಸಿಕ್ಕಿಸಿದರು. ನಾನು ನೋಡುತ್ತಲೇ ಇದ್ದೆ. ಬಲ ಸೊಂಟ ಪೂರ್ತಿ ಖಾಲಿ! ಬಕಲ್ಲಿಲ್ಲ, ಜಗಳವಿಲ್ಲ. ಮೂರು ಗಂಟೆಗೆ ಸರಿಯಾಗಿ ಅಲ್ಲೊಂದು ಕಪ್ಪು ರೆಕ್ಸಿನ್ ಮೊಬೈಲ್ ಚೀಲ, ಬೆಲ್ಟಿಗೆ ಸಿಕ್ಕಿಸಿದ್ದು.

‘ಭಾವ, ಅದು ಚುಚ್ಚಲ್ವಾ?’

‘ಯಾಕ್ ಚುಚ್ತತಿ? ಐತೋ ಇಲ್ಲೋ ಗೊತ್ತಾಗಲ್ಲ.’

‘ಎಷ್ಟಾಯ್ತು?’

‘ನೂರೈವತ್ತು. ಅಶೋಕ ರೋಡಲ್ಲಿ ತಗೊಂಡಿದ್ದು. ನಿನಗೂ ಒಂದು ಕೊಡಿಸ್ಲೇನಪ್ಪಾ?’